ಪದಚರ್ಚೆ: ದೇವರಿಗೆ ‘ವಿಧೇಯತೆ’ಯೋ, ದೇವರ ‘ಮಾತು ಕೇಳುವುದೋ’?

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕಿತ್ತು. ಪರಿಚಯದ ಕಥೋಲಿಕ ಸಿಸ್ಟರ್ ಒಬ್ಬರು ಧ್ಯಾನಕೂಟದಲ್ಲಿ ಓದಿಸಲು ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರಿಸುತ್ತಿದ್ದಾರೆ. ಕೆಲಸ ನನ್ನ ಪಾಲಿಗೆ ಬಂದಿದೆ. ಹೊತ್ತಿಗೆಯ ಮುಖ್ಯ ಮಾತು ಇಷ್ಟೇ: ‘ದೇವರಿಗೆ ವಿಧೇಯರಾಗುವುದೇ ಆತ್ಮದ ಸ್ವಾತಂತ್ರ್ಯಕ್ಕೆ ದಾರಿ.’ ವಾಕ್ಯದಲ್ಲಿ ತಪ್ಪಿಲ್ಲ. ಚರ್ಚಿನಲ್ಲಿ ವರ್ಷಗಳಿಂದ ಕೇಳಿದ ಪದಗಳೇ. ಆದರೆ ಓದಿ ನೋಡಿದ ಒಬ್ಬರು ‘ಅಂದ್ರೆ ತಲೆ ತಗ್ಗಿಸಿಕೊಂಡು ಬಿದ್ದಿರೋದೇ ಸ್ವಾತಂತ್ರ್ಯ ಅಂತಾನಾ?’ ಅಂದರು. ಅವರ ಪ್ರಶ್ನೆ ನ್ಯಾಯವಾದದ್ದು. ಕನ್ನಡದಲ್ಲಿ ಆ ವಾಕ್ಯಕ್ಕೆ ಅದೇ ಅರ್ಥ ಬರುತ್ತದೆ. ಮೂಲದಲ್ಲಿ ಹಾಗೆ ಬರುವುದಿಲ್ಲ.

ತೊಡಕು ‘ವಿಧೇಯ’ದಲ್ಲಿದೆ. ಅದರ ಮೂಲ ಸಂಸ್ಕೃತದ ‘ವಿ-ಧಾ’. ವಿಧಿ, ವಿಧಾನ, ವಿಧಿಸು ಎಲ್ಲ ಒಂದೇ ಮನೆಯವು. ಮೇಲಿನಿಂದ ಕಟ್ಟಳೆ ಇಳಿಯುತ್ತದೆ, ಕೆಳಗಿರುವವನು ಅದನ್ನು ಹೊರುತ್ತಾನೆ. ದಂಡವನ್ನೂ ನಾವು ‘ವಿಧಿಸು’ತ್ತೇವೆ. ಸದನದಲ್ಲಿ ಮಂಡಿಸುವ ಮಸೂದೆಗೆ ‘ವಿಧೇಯಕ’ ಅನ್ನುತ್ತೇವೆ. ಶಾಲೆಯ ರಜಾ ಅರ್ಜಿಯ ಕೊನೆಗೆ ‘ತಮ್ಮ ವಿಧೇಯ ವಿದ್ಯಾರ್ಥಿ’ ಅಂತ ಬರೆದು ಬರೆದು, ಆ ಪದದಲ್ಲಿ ಉಳಿದಿದ್ದ ಅಷ್ಟೋ ಇಷ್ಟೋ ರಸವನ್ನೂ ಹಿಂಡಿಬಿಟ್ಟಿದ್ದೇವೆ. ಇದರಲ್ಲಿ ಎಲ್ಲೂ ಕಿವಿಯ ಸುಳಿವಿಲ್ಲ.

ಚರ್ಚಿನ ಹಳೆಯ ಭಾಷೆಗಳಲ್ಲಿ ಇರುವುದೇ ಕಿವಿ. ಲ್ಯಾಟಿನ್‌ನಲ್ಲಿ ಇದರ ಕ್ರಿಯಾಪದ ‘ಒಬೆದೀರೆ’. ಅದರೊಳಗಿರುವುದು ‘ಅವುದೀರೆ’, ಅಂದರೆ ಕೇಳು. ನಾವು ದಿನಾ ಬಳಸುವ ‘ಆಡಿಯೊ’ ಅದೇ ಬೇರಿನದು. ಗ್ರೀಕಿನಲ್ಲಿ ಸಂತ ಪೌಲರು ಬಳಸುವ ಪದ ‘ಹುಪಕೊಎ’. ಅಲ್ಲೂ ಕೇಳುವುದೇ, ‘ಕೆಳಗೆ’ ಅನ್ನುವ ಉಪಸರ್ಗ ಸೇರಿದೆ ಅಷ್ಟೇ. ಹೀಬ್ರೂ ಇನ್ನೂ ಸರಳ. ‘ಶಮಾ’ ಅಂದರೆ ಕೇಳು. ಮಾತಿನಂತೆ ನಡೆ ಅನ್ನುವುದಕ್ಕೂ ಅದೇ ಪದ. ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಮೋಶೆ ಜನರನ್ನು ಕರೆಯುವುದೂ ಈ ಒಂದೇ ಪದದಿಂದ. ಕಥೋಲಿಕ ಧರ್ಮಸಭೆ ತನ್ನ ನಂಬಿಕೆಗಳನ್ನು ವಿವರಿಸಲು 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದ 144ನೇ ಪರಿಚ್ಛೇದವೂ ಲ್ಯಾಟಿನ್ ಮೂಲವನ್ನು ಬಿಡಿಸಿ ಹೇಳುತ್ತದೆ: ವಿಶ್ವಾಸದಲ್ಲಿ ವಿಧೇಯರಾಗುವುದು ಅಂದರೆ, ಕೇಳಿಸಿಕೊಂಡ ದೇವರ ಮಾತಿಗೆ ಸ್ವಂತ ಇಚ್ಛೆಯಿಂದ ಒಪ್ಪಿಸಿಕೊಳ್ಳುವುದು. ಈ ‘ಸ್ವಂತ ಇಚ್ಛೆಯಿಂದ’ ಅನ್ನುವುದು ಕೊಸರು ಅಲ್ಲ. ಅದನ್ನು ತೆಗೆದರೆ ಆ ಪರಿಚ್ಛೇದದಲ್ಲಿ ಏನೂ ಉಳಿಯುವುದಿಲ್ಲ.

ಅಕ್ಕಪಕ್ಕದ ಭಾಷೆಗಳನ್ನೂ ನೋಡಿದೆ. ತೆಲುಗಿನಲ್ಲಿ ನಮ್ಮ ಹಾಗೇ ‘ವಿಧೇಯತ’. ಮಲಯಾಳಂನಲ್ಲಿ ‘ಅನುಸರಣಂ’, ಹಿಂದೆ ಹೋಗುವುದು. ತಮಿಳಿನಲ್ಲಿ ‘ಕೀಳ್ಪಡಿದಲ್’, ಕೆಳಗಾಗುವುದು. ಯಾರಲ್ಲೂ ಕಿವಿ ಕಾಣಲಿಲ್ಲ. ಆದರೆ ಆಡುಮಾತಿಗೆ ಬಂದರೆ ನಮ್ಮಲ್ಲಿ ಅದು ಯಾವತ್ತೂ ಇದೆ. ‘ಹೇಳಿದ ಮಾತು ಕೇಳು’ ಅಂತ ಅಮ್ಮ ಬೈಯುವಾಗ ಅವಳು ಹೇಳುತ್ತಿರುವುದು ಕಿವಿಯ ವಿಷಯ ಅಲ್ಲ. ಕೇಳು ಅಂದರೆ ಕೇಳಿಸಿಕೋ, ಕೇಳು ಅಂದರೆ ಹೇಳಿದ ಹಾಗೆ ಮಾಡು. ಹೀಬ್ರೂವಿನ ‘ಶಮಾ’ ಹೇಗೋ ಹಾಗೆಯೇ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕನ್ನಡದ ‘ಕೇಳು’ವಿಗೆ ಇನ್ನೊಂದು ಅರ್ಥ ಇದೆ. ಅದು ಲ್ಯಾಟಿನ್, ಗ್ರೀಕ್ ಪದಗಳಿಗೆ ಇಲ್ಲ. ಕೇಳು ಅಂದರೆ ಪ್ರಶ್ನೆ ಮಾಡು.

ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯ ತೆಗೆದು ನೋಡಿ. ಕಥೋಲಿಕರಿಗೆ ವಿಧೇಯತೆಯ ದೊಡ್ಡ ಮಾದರಿ ಮಾತೆ ಮರಿಯ. ‘ಇಗೋ ನಾನು ಪ್ರಭುವಿನ ದಾಸಿ’ ಅನ್ನುವ 38ನೇ ವಚನ ಎಲ್ಲರಿಗೂ ಗೊತ್ತು. ದಿನಕ್ಕೆ ಮೂರು ಹೊತ್ತು ಹೇಳುವ ತ್ರಿಕಾಲ ಪ್ರಾರ್ಥನೆಯಲ್ಲೂ ಅದು ಇದೆ. ಅದಕ್ಕೆ ನಾಲ್ಕು ವಚನ ಹಿಂದೆ, 34ರಲ್ಲಿ, ನಿನಗೆ ಮಗ ಹುಟ್ಟುತ್ತಾನೆ ಅಂತ ಹೇಳಲು ಬಂದ ದೇವದೂತನನ್ನು ಅವಳು ‘ಇದು ಹೇಗಾಗುತ್ತದೆ?’ ಅಂತ ಕೇಳುತ್ತಾಳೆ. ಅಂದರೆ ಮೊದಲು ಕೇಳಿಸಿಕೊಂಡಳು, ಆಮೇಲೆ ಕೇಳಿದಳು, ಕೊನೆಗೆ ಮಾತು ಕೇಳಿದಳು. ಮೂರಕ್ಕೂ ಕನ್ನಡದಲ್ಲಿ ಒಂದೇ ಧಾತು. ‘ವಿಧೇಯಳಾದಳು’ ಅಂತ ಬರೆದ ತಕ್ಷಣ ನಡುವಿನ ಪ್ರಶ್ನೆ ಕಾಣೆಯಾಗುತ್ತದೆ.

ಇದಕ್ಕೆ ಎದುರುಮಾತು ಬರುತ್ತದೆ ಅಂತ ಗೊತ್ತು. ಅದೇ ಅಧ್ಯಾಯದಲ್ಲಿ, ಮುಪ್ಪಿನಲ್ಲಿ ಮಗ ಹುಟ್ಟುತ್ತಾನೆ ಅಂತ ದೇವದೂತನಿಂದ ಕೇಳಿಸಿಕೊಂಡ ಯಾಜಕ ಜಕರೀಯನೂ ಕೇಳಿದ, ಅವನಿಗೆ ಬಾಯಿ ಕಟ್ಟಿಹೋಯಿತಲ್ಲ ಅಂತ. ನಿಜ. ಆದರೆ ಅವನು ಕೇಳಿದ್ದು ‘ಇದನ್ನು ನಾನು ನಂಬುವುದು ಹೇಗೆ?’ ಅಂತ. ಅವನಿಗೆ ರುಜುವಾತು ಬೇಕಿತ್ತು. ಮರಿಯ ಕೇಳಿದ್ದು ನಡೆಯುವ ಬಗೆಯನ್ನು. ಪ್ರಶ್ನೆ ಕೇಳಿದ್ದಕ್ಕೇ ಶಿಕ್ಷೆ ಅಂತಿದ್ದರೆ ಇಬ್ಬರಿಗೂ ಆಗಬೇಕಿತ್ತು.

ಮಠಜೀವನದ ಕಡೆಯಿಂದಲೂ ಆಧಾರ ಸಿಗುತ್ತದೆ. 6ನೇ ಶತಮಾನದಲ್ಲಿ ಇಟಲಿಯ ಮೊಂತೆ ಕಸೀನೋದಲ್ಲಿದ್ದ ಸಂತ ಬೆನೆಡಿಕ್ಟರು ಮಠವಾಸಿಗಳಿಗಾಗಿ ಬರೆದ ನಿಯಮಾವಳಿ ಇವತ್ತಿಗೂ ಬಳಕೆಯಲ್ಲಿದೆ. ಅದರ ಮೊಟ್ಟಮೊದಲ ಪದವೇ ‘ಕೇಳು’. ಕೇಳು ಮಗನೇ ಅಂತ ಶುರುವಾಗುತ್ತದೆ. 5ನೇ ಅಧ್ಯಾಯ ತಡಮಾಡದೆ ಮಾತು ಕೇಳುವುದರ ಬಗ್ಗೆ, ಸಾಕಷ್ಟು ಬಿಗಿಯಾಗಿದೆ. ಆದರೆ 3ನೇ ಅಧ್ಯಾಯದಲ್ಲಿ ಮಠಾಧಿಪತಿ ದೊಡ್ಡ ವಿಷಯಗಳಿಗೆ ಎಲ್ಲರನ್ನೂ ಕರೆದು ಕೇಳಬೇಕು ಅಂತಿದೆ. ಯಾಕೆಂದರೆ ಎಷ್ಟೋ ಸಲ ದೇವರು ಒಳ್ಳೆಯದನ್ನು ಎಲ್ಲರಿಗಿಂತ ಕಿರಿಯನಿಗೆ ತೋರಿಸುತ್ತಾನಂತೆ. 68ನೇ ಅಧ್ಯಾಯ ನನಗೆ ತುಂಬಾ ಇಷ್ಟ. ಆಗದ ಕೆಲಸ ಹೇಳಿದರೆ ಏನು ಮಾಡಬೇಕು ಅನ್ನುವುದು ಅಲ್ಲಿನ ವಿಷಯ. ಮೊದಲು ಸಮಾಧಾನದಿಂದ ಒಪ್ಪಿಕೊಳ್ಳಬೇಕು. ಹೊರೆ ತೀರಾ ಜಾಸ್ತಿ ಅನಿಸಿದರೆ ಸರಿಯಾದ ಸಮಯ ನೋಡಿ, ಸಿಟ್ಟಾಗದೆ, ಯಾಕೆ ಆಗುವುದಿಲ್ಲ ಅಂತ ಹೇಳಬೇಕು. ಆಮೇಲೂ ಹಿರಿಯರು ಅದೇ ಹೇಳಿದರೆ, ದೇವರ ಸಹಾಯ ನಂಬಿ ಮಾಡಬೇಕು. ಕೊನೆಯ ಹೆಜ್ಜೆ ಇವತ್ತಿನ ನಮಗೆ ಒಪ್ಪಿಗೆಯಾಗದೆ ಇರಬಹುದು. ಆದರೂ ಅಲ್ಲಿ ಮಾತು ಎರಡೂ ಕಡೆ ಓಡಾಡುತ್ತದೆ. ಮೇಲಿಂದ ಕೆಳಕ್ಕೆ ಇಳಿಯುವ ‘ವಿಧಿ’ ಇದಲ್ಲ.

ಸಂತ ಇಗ್ನೇಷಿಯಸ್‌ರ ವಿಷಯ ಬೇರೆ. ತಾವು ಕಟ್ಟಿದ ಯೇಸುಸಭೆಯ (ಜೆಸ್ಯೂಟ್ ಸಂನ್ಯಾಸಿಗಳ ಸಂಘದ) ಸಂವಿಧಾನದಲ್ಲಿ ಅವರು ಕೊಡುವ ಹೋಲಿಕೆ ಕುಖ್ಯಾತವಾಗಿದೆ: ಹೆಣವನ್ನು ಹೇಗೆ ಬೇಕಾದರೂ ಹೊರಳಿಸಬಹುದಲ್ಲ, ಹಾಗಿರಬೇಕು ಅಂತ. ನನಗೆ ಈ ಹೋಲಿಕೆ ಹಿಡಿಸುವುದಿಲ್ಲ, ಯಾರು ಎಷ್ಟೇ ವಿವರಣೆ ಕೊಟ್ಟರೂ. ಆದರೆ ಅದೇ ಜಾಗದಲ್ಲಿ ‘ಪಾಪವಲ್ಲದ ವಿಷಯಗಳಲ್ಲಿ’ ಅನ್ನುವ ಷರತ್ತೂ ಇದೆ. 1553ರಲ್ಲಿ ಪೋರ್ಚುಗಲ್‌ನ ಯೇಸುಸಭೆಯವರಿಗೆ ಅವರು ಬರೆದ ಪತ್ರದಲ್ಲಿ, ಪ್ರಾರ್ಥನೆ ಮಾಡಿಯೂ ಬೇರೆ ಅಭಿಪ್ರಾಯ ಬಂದರೆ ಹಿರಿಯರ ಮುಂದೆ ಇಡಬಹುದು ಅಂತಲೂ ಹೇಳಿದ್ದಾರೆ. ಜನ ಹೆಣವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಹಿರಿಯರ ಸ್ಥಾನದಲ್ಲಿ ಕೂತವರಿಗೆ ಅದು ಅನುಕೂಲವೂ ಹೌದು, ಅಲ್ವಾ?

‘ಓಗೊಡು’ ಪದವನ್ನೂ ಯೋಚಿಸಿದೆ. ಚೆಂದದ ಪದ. ದೇವಾಲಯದಲ್ಲಿ ಮಲಗಿದ್ದ ಹುಡುಗ ಸಮುವೇಲನನ್ನು ದೇವರು ರಾತ್ರಿ ಕರೆಯುವ ಕಥೆಗೆ ಹೇಳಿ ಮಾಡಿಸಿದಂತಿದೆ. ಅವನು ಮೂರು ಸಲ ಗುರು ಏಲಿ ಕರೆದನೆಂದು ಎದ್ದು ಓಡುತ್ತಾನೆ. ನಾಲ್ಕನೇ ಸಲ ‘ಹೇಳಿ, ನಿಮ್ಮ ದಾಸ ಕೇಳುತ್ತಿದ್ದಾನೆ’ ಅನ್ನುತ್ತಾನೆ. (ರಾತ್ರಿ ಯಾರಾದರೂ ಕೂಗಿದರೆ ಮೂರು ಸಲ ಕೂಗುವವರೆಗೆ ಓ ಅನ್ನಬಾರದು ಅಂತ ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರಲ್ಲ, ಸಮುವೇಲ ಅದನ್ನೂ ಪಾಲಿಸಿದ ಹಾಗಾಯಿತು!) ಆದರೆ ಓಗೊಡುವುದು ಒಂದು ಕ್ಷಣದ ಕೆಲಸ. ವ್ರತ ತೆಗೆದುಕೊಂಡು ನಲವತ್ತು ವರ್ಷ ಬದುಕುವುದಕ್ಕೆ ಆ ಪದ ಸಾಲುವುದಿಲ್ಲ.

ಯಾವುದೇ ಪದ ಆರಿಸಿದರೂ ಅದಕ್ಕೆ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆಸ್ಟ್ರಿಯಾದ ಸೇಂಟ್ ರಾಡೆಗುಂಡ್ ಅನ್ನುವ ಹಳ್ಳಿಯ ರೈತ ಫ್ರಾಂಜ್ ಯೇಗರ್‌ಸ್ಟೆಟರ್ ಅವರ ಕಥೆ. 1907ರಲ್ಲಿ ಹುಟ್ಟಿದವರು. ಮದುವೆಯಾಗಿ ಮೂವರು ಹೆಣ್ಣುಮಕ್ಕಳು. ಊರಿನ ಚರ್ಚಿನಲ್ಲಿ ಪೂಜೆಗೆ ಅಣಿಮಾಡುವ ಕೆಲಸವೂ ಅವರದೇ. ಹಿಟ್ಲರನ ಸೈನ್ಯದಲ್ಲಿ ಒಮ್ಮೆ ತರಬೇತಿ ಮುಗಿಸಿ ಬಂದ ಮೇಲೆ, ಈ ಯುದ್ಧ ಅನ್ಯಾಯದ್ದು, ಇನ್ನು ಹೋಗುವುದಿಲ್ಲ ಅಂತ ತೀರ್ಮಾನಿಸಿದರು. ಲಿಂಜ್‌ನ ಬಿಷಪರನ್ನು ಕಂಡು ಕೇಳಿದರು. ಸಂಸಾರ ನೋಡಿಕೋ ಅನ್ನುವ ಧಾಟಿಯ ಉತ್ತರ ಸಿಕ್ಕಿತು. 1943ರಲ್ಲಿ ಮತ್ತೆ ಕರೆ ಬಂದಾಗ ಆಯುಧ ಹಿಡಿಯಲಾರೆ ಎಂದರು. ಬೇಕಾದರೆ ಗಾಯಾಳುಗಳ ಸೇವೆ ಮಾಡುತ್ತೇನೆ ಅಂದರೂ ಒಪ್ಪಲಿಲ್ಲ. ಆ ವರ್ಷದ ಆಗಸ್ಟ್ 9ರಂದು ಅವರ ತಲೆ ಕಡಿದರು. 2007ರಲ್ಲಿ ಲಿಂಜ್‌ನಲ್ಲೇ ಚರ್ಚು ಅವರನ್ನು ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನ ಗೌರವಕ್ಕೆ ಏರಿಸಿತು.

ಆಗ ಜರ್ಮನ್ ಸೈನಿಕರು ಹಿಟ್ಲರನ ಹೆಸರೆತ್ತಿ, ದೇವರ ಮೇಲೆ ಆಣೆ ಇಟ್ಟು ‘ಷರತ್ತಿಲ್ಲದ ಗೆಹೋರ್ಜಾಮ್’ಗೆ ಪ್ರಮಾಣ ಮಾಡಬೇಕಿತ್ತು. ಗೆಹೋರ್ಜಾಮ್ ಅಂದರೆ ಚರ್ಚಿನಲ್ಲಿ ಹೇಳುವ ಅದೇ ವಿಧೇಯತೆ. ಅದರೊಳಗೂ ಜರ್ಮನ್ನಿನ ‘ಕೇಳು’ ಅಡಗಿದೆ. ಹಾಗಾದರೆ ಯೇಗರ್‌ಸ್ಟೆಟರ್ ವಿಧೇಯರೋ, ಅವಿಧೇಯರೋ? ‘ವಿಧೇಯ’ ಪದದಿಂದ ಈ ಪ್ರಶ್ನೆ ಬಿಡಿಸಲು ಹೋದರೆ ಎರಡು ಪುಟ ಟಿಪ್ಪಣಿ ಬೇಕು. ‘ಯಾರ ಮಾತು ಕೇಳಿದರು?’ ಅಂತ ಬರೆದರೆ ಸಾಕು. ದೇವರ ಮಾತು ಕೇಳಿದರು, ಆದ್ದರಿಂದ ಹಿಟ್ಲರನ ಮಾತು ಕೇಳಲಿಲ್ಲ. ಮನುಷ್ಯರ ಮಾತಿಗಿಂತ ದೇವರ ಮಾತು ಕೇಳಬೇಕು ಅಂತ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 5ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಹೇಳುವುದೂ ಇದನ್ನೇ.

ಈಗ ವಾಕ್ಯದ ಇನ್ನೊಂದು ತುದಿ, ‘ಸ್ವಾತಂತ್ರ್ಯ’. ಸ್ವ-ತಂತ್ರ ಅಂದರೆ ತನ್ನ ಕಟ್ಟಳೆ ತನ್ನದೇ. ಇನ್ನೊಬ್ಬರ ಮಾತು ಕೇಳುವುದರಿಂದ ಸ್ವಾತಂತ್ರ್ಯ ಸಿಗುತ್ತದೆ ಅಂದರೆ ಪದವೇ ಜಗಳಕ್ಕೆ ಬರುತ್ತದೆ. ‘ಮುಕ್ತಿ’ ಅಂದರೆ ಓದುಗರ ಮನಸ್ಸು ಹುಟ್ಟುಸಾವಿನ ಚಕ್ರದ ಕಡೆ ಹೋಗುತ್ತದೆ. ಅದು ಬೇರೆಯೇ ವಿಚಾರ. ನನ್ನ ಆಯ್ಕೆ ‘ಬಿಡುಗಡೆ’. ಈ ಪದ ಬಂದ ಕೂಡಲೇ ‘ಯಾವುದರಿಂದ?’ ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ. ಅದು ಬರಬೇಕು ಕೂಡ.

ಅದಕ್ಕೆ ಸಂತ ಆಗಸ್ಟೀನರ ಉತ್ತರ ನೇರವಾಗಿದೆ. ತಮ್ಮ ಹಳೆಯ ಬದುಕನ್ನು ನೆನೆಯುತ್ತಾ, ಬೇರೆಯವರ ಕಬ್ಬಿಣ ನನ್ನನ್ನು ಕಟ್ಟಿರಲಿಲ್ಲ, ನನ್ನದೇ ಇಚ್ಛೆ ಕಬ್ಬಿಣವಾಗಿ ಕಟ್ಟಿತ್ತು ಅನ್ನುತ್ತಾರೆ. ಕೆಟ್ಟ ಇಚ್ಛೆಯಿಂದ ಆಸೆ, ಆಸೆಗೆ ಮಣಿದು ಮಣಿದು ಅಭ್ಯಾಸ, ತಡೆಯದ ಅಭ್ಯಾಸ ಕೊನೆಗೆ ಬಿಡಿಸಿಕೊಳ್ಳಲಾಗದ ಕಟ್ಟು. ನಾವು ಇದಕ್ಕೆ ಸುಮ್ನೆ ‘ಚಟ’ ಅನ್ನುತ್ತೇವೆ. ಇಷ್ಟ ಬಂದಂತೆ ಇರುತ್ತೇನೆ ಅಂತ ಹೊರಟವನೇ ಚಟಕ್ಕೆ ಆಳಾಗುತ್ತಾನೆ. ಒಳ್ಳೆಯದನ್ನು ಮಾಡಿದಷ್ಟೂ ಮನುಷ್ಯ ಹೆಚ್ಚು ಬಿಡುಗಡೆ ಪಡೆಯುತ್ತಾನೆ ಅಂತ ಧರ್ಮೋಪದೇಶ ಗ್ರಂಥದ 1733ನೇ ಪರಿಚ್ಛೇದ ಹೇಳುವುದು ಈ ಅರ್ಥದಲ್ಲಿ. ಜೈಲಿನಲ್ಲಿ ಯೇಗರ್‌ಸ್ಟೆಟರ್ ಬರೆದಿಟ್ಟ ಮಾತು ಇದರ ಇನ್ನೊಂದು ಮಗ್ಗುಲು: ಕೈಗೆ ಬೇಡಿ ಹಾಕಿಕೊಂಡೇ ಬರೆಯುತ್ತಿದ್ದೇನೆ, ಆದರೂ ಇಚ್ಛೆಗೆ ಬೇಡಿ ಬೀಳುವುದಕ್ಕಿಂತ ಇದು ವಾಸಿ.

ಬೈಬಲಿನ ಎರಡನೇ ಪುಸ್ತಕಕ್ಕೆ ಕನ್ನಡದಲ್ಲಿ ‘ವಿಮೋಚನಕಾಂಡ’ ಅಂತ ಹೆಸರಿಟ್ಟವರು ಯಾರೋ, ಅವರಿಗೆ ಕೈಮುಗಿಯಬೇಕು. ಈ ಪುಸ್ತಕದಲ್ಲಿ ಮೊದಲು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆ, ಆಮೇಲೆ ಸೀನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಗಳು. ಆಜ್ಞೆಗಳು ಶುರುವಾಗುವುದೂ ‘ನಿಮ್ಮನ್ನು ಗುಲಾಮಗಿರಿಯಿಂದ ಹೊರತಂದವನು ನಾನು’ ಅನ್ನುವ ಮಾತಿನಿಂದ. ಕೇಳಿದರೆ ಬಿಡಿಸುತ್ತೇನೆ ಅಂತಲ್ಲ, ಬಿಡಿಸಿದ್ದೇನೆ, ಈಗ ಕೇಳಿ ಅಂತ. ಹೊತ್ತಿಗೆಯ ಮೂಲ ವಾಕ್ಯದಲ್ಲಿ ಈ ಹಿಂದುಮುಂದು ಅಷ್ಟು ಸ್ಪಷ್ಟವಿಲ್ಲ. ಅನುವಾದಕ ಅದನ್ನು ಸರಿಮಾಡಬಹುದೋ ಬಾರದೋ ಅನ್ನುವುದು ಬೇರೆ ಚರ್ಚೆ.

ಸದ್ಯಕ್ಕೆ ವಾಕ್ಯ ಹೀಗೆ ನಿಂತಿದೆ: ‘ದೇವರ ಮಾತು ಕೇಳುತ್ತಾ ಹೋದಂತೆ ಮನಸ್ಸಿಗೆ ಬಿಡುಗಡೆ ಸಿಗುತ್ತದೆ.’ ಸಿಸ್ಟರ್‌ಗಳ ವ್ರತದ ಜಾಗದಲ್ಲಿ ಮಾತ್ರ ‘ವಿಧೇಯತೆ’ಯನ್ನೇ ಉಳಿಸಿಕೊಂಡಿದ್ದೇನೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಅನ್ನುವ ಸಾಲು ಅವರ ಬಾಯಲ್ಲಿ ಕೂತುಬಿಟ್ಟಿದೆ. ಅದನ್ನು ಅಲುಗಿಸುವ ಹಕ್ಕು ನನಗಿಲ್ಲ.

ನಿಮ್ಮಿಂದ ಬೇಕಾದದ್ದು ಮೂರು. ‘ಮಾತು ಕೇಳು’ ಅನ್ನುವುದನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಅನೇಕ ಮನೆಗಳಲ್ಲಿ ಹೆಂಡತಿಗೂ ಹೇಳುತ್ತಾರೆ. ಆ ವಾಸನೆ ಇಲ್ಲಿ ಅಡ್ಡ ಬರುತ್ತದೆಯೇ? ಎರಡನೆಯದು, ಇದಕ್ಕೊಂದು ಚಿಕ್ಕ ನಾಮಪದ ಬೇಕು. ‘ಕೇಳುವಿಕೆ’ ಕಿವಿಯಲ್ಲೇ ಉಳಿಯುತ್ತದೆ. ‘ಕೇಳಿಕೆ’ ಅಂದರೆ ಹಳೇ ಮೈಸೂರಿನ ಕಡೆಯವರಿಗೆ ಬಯಲಾಟ ನೆನಪಾಗುತ್ತದೆ. ಹಳಗನ್ನಡ ಓದಿಕೊಂಡವರು ಏನಾದರೂ ಹುಡುಕಿಕೊಡಿ. ಮೂರನೆಯದು ಮಂಗಳೂರು, ಕಾರವಾರದ ಕೊಂಕಣಿ ಕಥೋಲಿಕರಿಗೆ: ಕೊಂಕಣಿಯ ‘ಆಯ್ಕ್’ ಕೂಡ ನಮ್ಮ ‘ಕೇಳು’ವಿನಂತೆ ಕಿವಿಗೂ ನಡತೆಗೂ ಸಲ್ಲುತ್ತದೆ. ನಿಮ್ಮ ಹಿರಿಯರು ಮನೆಯ ಪ್ರಾರ್ಥನೆಯಲ್ಲಿ ದೇವರ ವಿಷಯಕ್ಕೆ ಆ ಪದವನ್ನೇ ಹೇಳುತ್ತಿದ್ದರೋ, ಬೇರೆಯದನ್ನೋ? ಹೊತ್ತಿಗೆ ತಪಸ್ಸುಕಾಲಕ್ಕೆ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಿಗೆ) ಮುಂಚೆ ಅಚ್ಚಿಗೆ ಹೋಗಬೇಕು, ಹಾಗಾಗಿ ಸ್ವಲ್ಪ ಬೇಗ ಬರೆಯಿರಿ.