ಮನೆಗೆ ಒಂದೇ ಕಾರು ಅನ್ನೋ ನಿಯಮ: ತಂದು ನೋಡಿದವರು ಇದ್ದೀರಾ?

ಪ್ರಶ್ನೆ:
ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೊಂದು ಪಾರ್ಕಿಂಗ್ ಸ್ಲಾಟ್ ಇದೆ. ಆದರೆ ಕೆಲವರ ಹತ್ತಿರ ಎರಡು, ಮೂರು ಕಾರುಗಳಿವೆ. ಹೆಚ್ಚಿನವು ರ‍್ಯಾಂಪ್ ತಿರುವಿನಲ್ಲೋ ವಿಸಿಟರ್ಸ್ ಜಾಗದಲ್ಲೋ ನಿಂತಿರುತ್ತವೆ. ‘ಮನೆಗೆ ಒಂದೇ ಕಾರು’ ಅಂತ ನಿರ್ಣಯ ತರಲೇಬೇಕು ಅಂತ ಒಂದು ಗುಂಪು ಪಟ್ಟು ಹಿಡಿದಿದೆ. ಕರಡು ಬರೆಯೋ ಕೆಲಸ ನನ್ನ ತಲೆಗೆ ಬಿದ್ದಿದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮಾಜಿ ಕಾರ್ಯದರ್ಶಿ:
ಯಾರು ಎಷ್ಟು ಕಾರು ಇಟ್ಕೋಬೇಕು ಅಂತ ಹೇಳೋಕೆ ಅಸೋಸಿಯೇಷನ್ ಯಾರು ಸರ್? ಕಾಂಪೌಂಡಿನೊಳಗೆ ಎಷ್ಟು ನಿಲ್ಲಿಸಬಹುದು ಅನ್ನೋದಷ್ಟೇ ನಮ್ಮ ಕೈಲಿರೋದು. ಕರಡಿನಲ್ಲಿ ‘ಹೊಂದಿರತಕ್ಕದ್ದಲ್ಲ’ ಅಂತ ಬರೆದಿದ್ದರೆ ಈಗಲೇ ಹೊಡೆದುಹಾಕಿ, ‘ನಿಲ್ಲಿಸತಕ್ಕದ್ದಲ್ಲ’ ಅಂತ ಮಾಡಿ.

ನಮ್ಮಲ್ಲಿ ಜಗಳ ಹತ್ತಿದ್ದು ಎಣಿಕೆಯಲ್ಲಿ. ಒಬ್ಬರ ಕಾರಿನ ಆರ್‌ಸಿ ಮಾವನ ಹೆಸರಲ್ಲಿತ್ತು, ಮಾವ ಬೇರೆ ಊರಲ್ಲಿದ್ದರು. ಇನ್ನೊಬ್ಬರದು ಕಂಪನಿ ಕಾರು, ‘ಇದು ನನ್ನದೇ ಅಲ್ಲವಲ್ಲ’ ಅಂದರು. ಮತ್ತೊಂದು ಫ್ಲ್ಯಾಟಿನಲ್ಲಿ ಬಾಡಿಗೆದಾರರದ್ದು ಒಂದು ಕಾರು, ಓನರ್ ಬಿಟ್ಟುಹೋದದ್ದು ಇನ್ನೊಂದು. ಅಣ್ಣ ತಮ್ಮ ಇಬ್ಬರ ಸಂಸಾರವೂ ಒಂದೇ ಫ್ಲ್ಯಾಟಿನಲ್ಲಿದ್ದರೆ ಅದು ಒಂದು ಮನೆಯೋ ಎರಡೋ? ಕಮಿಟಿಯವರು ರೇಷನ್ ಕಾರ್ಡ್ ನೋಡೋ ಅಧಿಕಾರಿಗಳ ಥರ ಕೂತುಕೊಳ್ಳಬೇಕಾಯಿತು. ಆಮೇಲೆ ಕಾರು, ಹೆಸರು ಎಲ್ಲ ಬಿಟ್ಟು ಸ್ಲಾಟ್ ಹಿಡಿದೆವು. ಸ್ಲಾಟ್ ಇದ್ದಷ್ಟೇ ಸ್ಟಿಕ್ಕರ್, ಸ್ಟಿಕ್ಕರ್ ಇಲ್ಲದ ಕಾರು ರಾತ್ರಿ ಒಳಗೆ ಇರುವ ಹಾಗಿಲ್ಲ. ಕಾರು ಯಾರದು ಅಂತ ಕೇಳೋದೇ ಬೇಡ.

ಸ್ಟಿಕ್ಕರಿನ ವಿಷಯ ಚಿಲ್ಲರೆ ಅನ್ನಿಸಬಹುದು, ಆದರೆ ನಿಯಮ ನಿಲ್ಲೋದು ಅದರ ಮೇಲೇ. ಡ್ಯಾಶ್‌ಬೋರ್ಡ್ ಮೇಲೆ ಇಡೋ ಕಾರ್ಡ್ ಕೊಟ್ಟರೆ ಜೆರಾಕ್ಸ್ ಹೊಡೆಸಿ ಲ್ಯಾಮಿನೇಟ್ ಮಾಡಿಸಿ ಎರಡೂ ಕಾರಲ್ಲಿ ಇಡ್ತಾರೆ. ಗಾಜಿನ ಒಳಗಡೆ ಅಂಟಿಸುವ, ಕೀಳೋಕೆ ಹೋದರೆ ಚೂರುಚೂರಾಗಿ ಹರಿಯುವ ಥರದ್ದು ಮಾಡಿಸಿ. ಅದರ ಮೇಲೆ ಫ್ಲ್ಯಾಟ್ ನಂಬರ್ ಬೇಡ, ಸ್ಲಾಟ್ ನಂಬರ್ ಮತ್ತು ಕಾರಿನ ನಂಬರ್ ಇರಲಿ. ಸೆಕ್ಯುರಿಟಿಯವರಿಗೆ ಕಂಬದ ನಂಬರ್ ಜೊತೆ ತಾಳೆ ನೋಡಿದರೆ ಸಾಕು, ಯಾರ ಹತ್ತಿರವೂ ವಾದ ಮಾಡಬೇಕಾಗಿಲ್ಲ.

ಸಾರಿಗೆ ಯೋಜನೆ ಕೆಲಸದವಳು:
ದೇಶ, ನಗರಗಳ ಮಟ್ಟದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ನೇರವಾಗಿ ಮನೆಗೆ ಒಂದೇ ಕಾರು ಅಂತ ಇರುವುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಬರ್ಮುಡಾ. ಅದು ಪುಟ್ಟ ದ್ವೀಪ, 1946ರವರೆಗೆ ಅಲ್ಲಿ ಖಾಸಗಿ ಕಾರಿಗೇ ಅವಕಾಶ ಇರಲಿಲ್ಲ. ಈಗಲೂ ಮನೆಯ ಎರಡನೇ ಗಾಡಿ ಅಂದರೆ ಸಾಮಾನ್ಯವಾಗಿ ಸ್ಕೂಟರ್. ಸುತ್ತ ಸಮುದ್ರ ಇರುವ ಕಡೆ ಎಣಿಸುವುದು ಸುಲಭ ಬಿಡಿ.

ಸಿಂಗಪುರದಲ್ಲಿ ಮನೆಯ ಲೆಕ್ಕವೇ ಇಲ್ಲ. 1990ರಿಂದ ಇಡೀ ದ್ವೀಪಕ್ಕೆ ಇಷ್ಟು ಅಂತ ಕೋಟಾ, ಅದರೊಳಗೆ ಕಾರು ಇಟ್ಟುಕೊಳ್ಳುವ 10 ವರ್ಷದ ಪರವಾನಗಿಗೆ ಹರಾಜು. 2018ರಿಂದ ಕಾರುಗಳ ಬೆಳವಣಿಗೆ ದರವನ್ನೇ ಸೊನ್ನೆಗೆ ಇಳಿಸಿದ್ದಾರೆ. ಕಾರುಗಳ ಸಂಖ್ಯೆ ಹಿಡಿತದಲ್ಲಿದೆ ನಿಜ, ಆದರೆ ದುಡ್ಡಿದ್ದವರ ಮನೆಯಲ್ಲಿ ಎರಡಿದ್ದರೆ ತಡೆಯುವವರಿಲ್ಲ. ಬೀಜಿಂಗ್ 2011ರಲ್ಲಿ ಹೊಸ ಕಾರಿನ ನಂಬರ್ ಪ್ಲೇಟ್‌ಗೆ ಲಾಟರಿ ತಂದಿತು. ನಂಬರ್ ಪ್ಲೇಟ್ ವರ್ಗಾಯಿಸಿಕೊಳ್ಳಲು ಹೆಸರಿಗಷ್ಟೇ ಮದುವೆಯಾಗಿ ವಿಚ್ಛೇದನ ಪಡೆದ ಪ್ರಕರಣಗಳೂ ಸುದ್ದಿಯಾದವು. 2021ರಿಂದ ಕಾರೇ ಇಲ್ಲದ ಕುಟುಂಬಗಳಿಗೆ ಆದ್ಯತೆ ಕೊಡುತ್ತಿದ್ದಾರೆ.

ನಿಮ್ಮ ಕರಡಿಗೆ ಹತ್ತಿರವಾದದ್ದು ಜಪಾನ್. 1962ರ ಕಾನೂನಿನ ಪ್ರಕಾರ ಕಾರು ನೋಂದಣಿಗೆ ಮೊದಲು ನಿಲ್ಲಿಸಲು ಜಾಗ ಇದೆ ಅಂತ ಪೊಲೀಸರಿಂದ ಪ್ರಮಾಣಪತ್ರ ಬೇಕು, ಆ ಜಾಗ ಮನೆಯಿಂದ 2 ಕಿಲೋಮೀಟರ್ ಒಳಗಿರಬೇಕು. ಸಣ್ಣ ‘ಕೇ’ ಕಾರುಗಳಿಗೆ ಕೆಲವು ಪ್ರದೇಶಗಳಲ್ಲಿ ವಿನಾಯಿತಿ ಇದೆ. ಎಷ್ಟು ಕಾರು ಅಂತ ಯಾರೂ ಕೇಳುವುದಿಲ್ಲ, ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳುತ್ತಾರೆ. ನನಗಂತೂ ಇದೇ ಸರಿ ಅನ್ನಿಸುತ್ತದೆ.

‘ಸಮ-ಬೆಸ ದಿನ ಮಾಡೋಣ’ ಅಂತ ಸಭೆಯಲ್ಲಿ ಯಾರಾದರೂ ಎದ್ದುನಿಂತರೆ ಮೆಕ್ಸಿಕೋ ಸಿಟಿ ನೆನಪಿಸಿ. 1989ರಲ್ಲಿ ಅಲ್ಲಿ ನಂಬರಿನ ಕೊನೆಯ ಅಂಕಿ ನೋಡಿ ವಾರಕ್ಕೊಂದು ದಿನ ಕಾರು ಓಡಿಸುವುದನ್ನು ನಿಲ್ಲಿಸಿದರು. ಕೆಲವರು ಬೇರೆ ಅಂಕಿಯ ಇನ್ನೊಂದು ಹಳೇ ಕಾರು ತಂದುಕೊಂಡರು.

ಎರಡು ಕಾರಿನ ಮನೆಯವಳು:
ಎಲ್ಲರೂ ಎರಡನೇ ಕಾರು ಅಂದರೆ ಶೋಕಿ ಅಂದುಕೊಂಡೇ ಮಾತಾಡ್ತಿದ್ದೀರಿ. ನಾನು ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್, ನಮ್ಮವರು ಹಗಲು. ಅಪ್ಪನನ್ನು ವಾರದಲ್ಲಿ ಹಲವು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗಬೇಕು. ವೀಲ್‌ಚೇರ್ ಇಟ್ಟರೆ ಸಣ್ಣ ಕಾರಿನ ಡಿಕ್ಕಿ ಮುಚ್ಚೋದೇ ಇಲ್ಲ. ಒಬ್ಬರೇ ಇರೋ ಮನೆಗೂ ಒಂದು, ಆರು ಜನ ಇರೋ ಮನೆಗೂ ಒಂದು, ಇದು ಯಾವ ಸೀಮೆ ನ್ಯಾಯ?

ಮಾಜಿ ಕಾರ್ಯದರ್ಶಿ:
ಮೇಡಂ, ನಿಮ್ಮ ಮಾತು ಒಪ್ಪಬೇಕಾದ್ದೇ. ಅದಕ್ಕೇ ಸ್ಲಾಟ್ ಲೆಕ್ಕ ಅಂದಿದ್ದು. ಕಾರಿಲ್ಲದ ಮನೆಯವರ ಸ್ಲಾಟ್ ನಿಮ್ಮಂಥವರಿಗೆ ಬಾಡಿಗೆಗೆ ಸಿಗಬೇಕು, ಅದೂ ಅಸೋಸಿಯೇಷನ್ ಮೂಲಕವೇ. ಬೆಲೆ ಒಂದೇ ಇರಬೇಕು, ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ವೀಲ್‌ಚೇರ್ ಇರೋ ಮನೆಗೆ ಲಿಫ್ಟ್ ಪಕ್ಕದ ಸ್ಲಾಟ್ ಬದಲಾಯಿಸಿ ಕೊಡೋದನ್ನು ಕರಡಿನಲ್ಲೇ ಬರೆದುಬಿಡಿ. ಕಮಿಟಿಯ ದಯೆಗೆ ಬಿಡಬೇಡಿ, ಕಮಿಟಿ ಬದಲಾಗ್ತಾ ಇರುತ್ತೆ.

ಬೇಸ್‌ಮೆಂಟ್ ವಾಸಿ:
ದಂಡದ ಬಗ್ಗೆ ಒಂದು ಮಾತು. ನಮ್ಮಲ್ಲಿ ಎರಡನೇ ಕಾರಿಗೆ ತಿಂಗಳ ದಂಡ ಅಂತ ಇಟ್ಟರು. ಕಟ್ಟಿದವರು ‘ದುಡ್ಡು ಕೊಟ್ಟಿದ್ದೀನಿ, ಇದು ನನ್ನ ಜಾಗ’ ಅಂತ ರ‍್ಯಾಂಪ್ ತಿರುವಿನಲ್ಲೇ ರಾಜಾರೋಷವಾಗಿ ನಿಲ್ಲಿಸೋಕೆ ಶುರು ಮಾಡಿದರು. ದಂಡ ಅಂದದ್ದು ಬಾಡಿಗೆ ಆಯ್ತು. ನಿಲ್ಲಿಸಲೇಬಾರದ ಜಾಗಕ್ಕೆ ರೇಟ್ ಹಾಕಬೇಡಿ.

ಇನ್ನೊಂದು, ಓಡದ ಕಾರುಗಳು. ಕವರ್ ಹಾಕಿ, ಟೈರ್ ಚಪ್ಪಟೆಯಾಗಿ, ಬಾನೆಟ್ ಕೆಳಗೆ ಬೆಕ್ಕು ಮರಿ ಹಾಕಿರೋ ಕಾರು ನಿಮ್ಮ ಬೇಸ್‌ಮೆಂಟಿನಲ್ಲೂ ಇದ್ದೇ ಇರುತ್ತೆ. ಮಾರೋಕೆ ಮನಸ್ಸಿಲ್ಲ, ಓಡಿಸೋಕೆ ಆಗಲ್ಲ. ನಿರ್ಣಯಕ್ಕಿಂತ ಮೊದಲು ಒಂದು ಸುತ್ತು ಹೋಗಿ ಅಂಥವನ್ನು ಪಟ್ಟಿ ಮಾಡಿ, ಓನರ್‌ಗಳಿಗೆ ಫೋನ್ ಮಾಡಿ. ನಮ್ಮಲ್ಲಿ ಅಷ್ಟಕ್ಕೇ ವಿಸಿಟರ್ಸ್ ಜಾಗ ಅರ್ಧ ಖಾಲಿಯಾಯ್ತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಸ್ಲಾಟ್ ಲೆಕ್ಕಕ್ಕೇ ಕರಡು ತಿದ್ದುತ್ತೇನೆ. ಈಗಾಗಲೇ ಎರಡು ಮೂರು ಕಾರು ಇರುವವರನ್ನು ಏನು ಮಾಡೋದು? ‘ಹಳಬರಿಗೆ ಅನ್ವಯಿಸಲ್ಲ’ ಅಂದರೆ ಹೊಸದಾಗಿ ಬಂದವರು ಸುಮ್ಮನಿರಲ್ಲ.

ಮಾಜಿ ಕಾರ್ಯದರ್ಶಿ:
ಹಳಬರಿಗೆ ಕಾಯಂ ವಿನಾಯಿತಿ ಮಾತ್ರ ಬೇಡ. ಒಂದು ವರ್ಷ ಗಡುವು ಕೊಡಿ, ಅಷ್ಟರೊಳಗೆ ಸ್ಲಾಟ್ ಬಾಡಿಗೆಗೆ ಹಿಡೀಲಿ ಅಥವಾ ಹೊರಗೆ ಜಾಗ ನೋಡ್ಕೊಳ್ಳಲಿ. ಫ್ಲ್ಯಾಟ್ ಮಾರಿದರೆ ವಿನಾಯಿತಿ ಅಲ್ಲಿಗೇ ಮುಗಿಯಿತು, ಕೊಂಡವರಿಗೆ ದಾಟೋದಿಲ್ಲ ಅಂತಲೂ ಸೇರಿಸಿ. ರ‍್ಯಾಂಪ್ ತಿರುವಿಗೆ ಮಾತ್ರ ಗಡುವೂ ಬೇಡ, ಮತವೂ ಬೇಡ. ಬೆಂಕಿ ಬಿದ್ದರೆ ಜನ ಓಡೋ ದಾರಿ ಅದು. ನಾಳೆಯೇ ಹಳದಿ ಗೆರೆ ಎಳೆಸಿ.