ಸಂಶೋಧನಾ ಪೇಪರ್ ಓದುವ, ಥೀಸಿಸ್ ಬರೆಯುವ ಮಟ್ಟದ ಇಂಗ್ಲಿಷ್ ಪದಗಳನ್ನು ಕಲಿಯುವುದು ಹೇಗೆ?

ಹಾವೇರಿ_ಹುಡುಗಿ:
ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಈಗ ಎಂಎಸ್ಸಿ ಕೃಷಿ, ಅಗ್ರಾನಮಿ, ಮೊದಲ ವರ್ಷ. ಕ್ಲಾಸಿನ ಪಾಠ ಅರ್ಥವಾಗುತ್ತದೆ. ಬೆಳೆ, ಮಣ್ಣು, ಗೊಬ್ಬರದ ಪದಗಳೂ ಗೊತ್ತು. ಆದರೆ ಗೈಡ್ ಕೊಟ್ಟ ಪೇಪರ್ ಹಿಡಿದು ಕೂತರೆ ‘ಸಬ್‌ಸೀಕ್ವೆಂಟ್’, ‘ಆಟ್ರಿಬ್ಯೂಟ್’, ‘ಕಾನ್‌ಸ್ಟಿಟ್ಯೂಟ್’ ಇಂಥವು ಅಡ್ಡ ಬರುತ್ತವೆ. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಶುರು ಮರೆತಿರುತ್ತದೆ. ಜಿಆರ್‌ಇ ಪ್ರವೇಶ ಪರೀಕ್ಷೆಯ ಪದಗಳ ಪುಸ್ತಕ ತಂದು ‘ಎ’ ಅಕ್ಷರದಿಂದ ಬಾಯಿಪಾಠ ಮಾಡುತ್ತಿದ್ದೇನೆ. ಬೆಳಿಗ್ಗೆ ಕಲಿತದ್ದು ಸಂಜೆಗೆ ಇರುವುದಿಲ್ಲ. ನೆನಪಿದ್ದರೂ ಆ ಪದಗಳು ನನ್ನ ಪೇಪರುಗಳಲ್ಲಿ ಕಾಣಿಸುವುದೇ ಇಲ್ಲ. ಮುಂದಿನ ವರ್ಷ ಥೀಸಿಸ್ ಬರೆಯಬೇಕು. ಏನು ಮಾಡಲಿ?

ಪಿಯು_ಇಂಗ್ಲಿಷ್_ಮೇಷ್ಟ್ರು:
ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ತೊಡಕು ಕೊಡುತ್ತಿರುವುದು ಕೃಷಿಯ ಪದಗಳಲ್ಲ, ಅಪರೂಪದ ಪದಗಳೂ ಅಲ್ಲ. ಯಾವ ವಿಷಯದ ಪೇಪರಿನಲ್ಲಾದರೂ ಮತ್ತೆ ಮತ್ತೆ ಬರುವ, ಆದರೆ ಮಾತಿನಲ್ಲಿ ಅಷ್ಟಾಗಿ ಬಾರದ ಪದಗಳು. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ ಎಂಬ ಸಂಶೋಧಕಿ ಇವನ್ನೇ ಹುಡುಕಿದರು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನದ ಬರಹಗಳಿಂದ ಸುಮಾರು 35 ಲಕ್ಷ ಪದಗಳ ರಾಶಿ ಹಾಕಿದರು. ಎಲ್ಲರಿಗೂ ಬೇಕಾಗುವ ಮೊದಲ 2000 ಪದಗಳನ್ನು ಬದಿಗಿಟ್ಟು, ಉಳಿದವುಗಳಲ್ಲಿ ಹೆಚ್ಚು ಬಳಕೆಯ 570 ಪದಕುಟುಂಬಗಳನ್ನು (ಒಂದು ಪದ, ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಆರಿಸಿದರು. 2000ದಲ್ಲಿ ಬಂದ ಈ ಪಟ್ಟಿಗೆ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಎಂದು ಹೆಸರು. ಪಠ್ಯಪುಸ್ತಕ, ಪೇಪರುಗಳಲ್ಲಿ ಹತ್ತರಲ್ಲಿ ಒಂದು ಪದ ಇದರಿಂದಲೇ ಬಂದಿರುತ್ತದೆ. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬಳಕೆಯ ಲೆಕ್ಕದಲ್ಲಿ ಹತ್ತು ಗುಂಪು ಮಾಡಿದ್ದಾರೆ. ಮೊದಲ ಗುಂಪಿನಿಂದ ಶುರು ಮಾಡಿ. ಜಿಆರ್‌ಇ ಪುಸ್ತಕ ಸದ್ಯಕ್ಕೆ ಕಪಾಟಿನಲ್ಲಿರಲಿ.

ಒಂದೊಂದು ಪದವನ್ನೂ ಕುಟುಂಬ ಸಮೇತ ಕಲಿಯಿರಿ. ‘ವೇರಿ’ (ಬದಲಾಗು) ಕಲಿತರೆ ‘ವೇರಿಯಬಲ್’, ‘ವೇರಿಯೇಷನ್’, ‘ವೇರಿಯನ್ಸ್’, ‘ಇನ್‌ವೇರಿಯಬ್ಲಿ’ ಎಲ್ಲ ಜೊತೆಗೇ ಬರುತ್ತವೆ. ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆ ಇವುಗಳಲ್ಲಿ ಅರ್ಧ ಮೊದಲೇ ಪರಿಚಯ ಇರುತ್ತದೆ, ಅಲ್ವಾ?

ಇನ್ನು ನಾನು ಮಕ್ಕಳಿಗೆ ಅತಿ ಜಾಸ್ತಿ ಒತ್ತಿ ಹೇಳುವ ಮಾತು. ಪದದ ಎದುರು ಸುಮ್ನೆ ಅರ್ಥ ಬರೆದುಕೊಳ್ಳಬೇಡಿ. ಅದು ಬಂದ ವಾಕ್ಯವನ್ನೇ ನೋಟ್‌ಬುಕ್ಕಿಗೆ ಇಳಿಸಿ. ‘ದಿ ಹೈಯರ್ ಯೀಲ್ಡ್ ವಾಸ್ ಆಟ್ರಿಬ್ಯೂಟೆಡ್ ಟು ಅರ್ಲಿ ಸೋಯಿಂಗ್’. ಇಲ್ಲಿ ‘ಟು’ ಅದರ ಜೊತೆಗಾರ. ‘ಡಿರೈವ್’ ಆದರೆ ‘ಫ್ರಮ್’. ‘ಕನ್ಸಿಸ್ಟ್’ ಆದರೆ ‘ಆಫ್’. ನಮ್ಮ ಮಕ್ಕಳು ಪ್ರತಿ ವರ್ಷ ‘ಡಿಸ್ಕಸ್ ಅಬೌಟ್’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸಿದರು’ ಎನ್ನುತ್ತೇವಲ್ಲ, ಆ ‘ಬಗ್ಗೆ’ ಅಲ್ಲಿಗೂ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಆ ‘ಅಬೌಟ್’ ಬೇಡ. ಓದುವಾಗ ಇದು ಅಡ್ಡಿಯಾಗುವುದಿಲ್ಲ. ಥೀಸಿಸ್ ಬರೆಯುವಾಗ ಪ್ರತಿ ಪುಟದಲ್ಲೂ ಕಾಡುತ್ತದೆ.

ಇದಕ್ಕೆ ಲರ್ನರ್ಸ್ ಡಿಕ್ಷನರಿಯೇ ಬೇಕು. ಬೇರೆ ಭಾಷೆಯವರಿಗಾಗಿಯೇ ಮಾಡಿದ ನಿಘಂಟು ಅದು. ಇಂಥದ್ದೊಂದು ನಿಘಂಟು ಮಾಡಿದ ಹಾರ್ನ್‌ಬಿ ಅವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅವರ ನಿಘಂಟು ಮೊದಲು ಅಲ್ಲೇ 1942ರಲ್ಲಿ ಅಚ್ಚಾಯಿತು, ಆಮೇಲೆ 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. ಇಂಥ ನಿಘಂಟಿನಲ್ಲಿ ವಿವರಣೆ ಸರಳ ಪದಗಳಲ್ಲೇ ಇರುತ್ತದೆ. ಪದದ ಮುಂದೆ ಏನು ಬರಬೇಕೆಂದೂ ತೋರಿಸುತ್ತದೆ. ನೆಟ್‌ನಲ್ಲಿ ಉಚ್ಚಾರಣೆಯೂ ಕೇಳಿಸುತ್ತದೆ. ಮೊದಲು ಕನ್ನಡದ ಅರ್ಥ ನೋಡಿಕೊಳ್ಳಿ, ತಪ್ಪೇನಿಲ್ಲ. ಅಲ್ಲಿಗೇ ನಿಲ್ಲಿಸಬೇಡಿ ಅಷ್ಟೆ.

ತುಂಗಾತೀರ:
ಲ್ಯಾಟಿನ್ ಮೂಲಗಳನ್ನು ಕಲಿತರೆ ಸಾಕಲ್ವಾ ಸರ್? ‘ಸ್ಪೆಕ್ಟ್’ ಅಂದರೆ ನೋಡು. ‘ಇನ್‌ಸ್ಪೆಕ್ಟ್’, ‘ಪ್ರಾಸ್ಪೆಕ್ಟ್’, ‘ರೆಟ್ರಾಸ್ಪೆಕ್ಟ್’ ಎಲ್ಲ ಒಂದೇ ಸಲ ಬಂದುಬಿಡುತ್ತವೆ. ನನಗೆ ಇದು ಕೆಎಎಸ್ ತಯಾರಿಯಲ್ಲಿ ತುಂಬಾ ಉಪಯೋಗವಾಯಿತು.

ಪಿಯು_ಇಂಗ್ಲಿಷ್_ಮೇಷ್ಟ್ರು:
ನೆನಪಿಡಲು ಒಳ್ಳೆಯದು, ಅರ್ಥ ಊಹಿಸಲು ನಂಬುವಂತಿಲ್ಲ. ಹೈಸ್ಕೂಲ್ ವ್ಯಾಕರಣದಲ್ಲಿ ಆಹಾರ, ವಿಹಾರ, ಸಂಹಾರ, ಪರಿಹಾರ ಓದಿದ್ದೀರಲ್ಲ? ಬೇರು ಒಂದೇ. ಅದೊಂದೇ ಗೊತ್ತಿದ್ದವನು ಸಂಹಾರದ ಅರ್ಥ ಹೇಳಲಾರ. ‘ಇನ್’ ಎಂದರೆ ‘ಅಲ್ಲ’ ಎಂದು ಕಲಿತವರು ‘ಇನ್‌ವ್ಯಾಲ್ಯುಯಬಲ್’ ಅಂದರೆ ಬೆಲೆಯಿಲ್ಲದ್ದು ಅಂದುಕೊಳ್ಳುತ್ತಾರೆ. ಅದು ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು. ಹಾಗಾಗಿ ಪದವನ್ನು ಮೊದಲು ವಾಕ್ಯದಲ್ಲಿ ನೋಡಿ, ಆಮೇಲೆ ಬೇರು ನೋಡಿ.

ಬೀದರ್_ಟು_ಬರ್ಲಿನ್:
ಸಂಜೆಗೆ ಮರೆಯುವುದರ ಬಗ್ಗೆ ಯಾರೂ ಹೇಳಲಿಲ್ಲ. ಅದು ನಿಮ್ಮ ಕೊರತೆ ಅಲ್ಲರೀ. ಕಲಿತದ್ದು ಶುರುವಿನಲ್ಲಿ ಬೇಗ, ಆಮೇಲೆ ನಿಧಾನವಾಗಿ ಮರೆಯುತ್ತದೆ ಎಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರೆ. ಮರೆಯುವ ಹೊತ್ತಿಗೆ ಮತ್ತೆ ನೋಡಬೇಕು, ಸಲ ಸಲಕ್ಕೂ ಅಂತರ ಹೆಚ್ಚಿಸುತ್ತ ಹೋಗಬೇಕು. ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪ್ ಈ ಲೆಕ್ಕ ತಾನೇ ಇಡುತ್ತದೆ. ಆಂಡ್ರಾಯ್ಡ್ ಮತ್ತು ಕಂಪ್ಯೂಟರಿನಲ್ಲಿ ಪುಕ್ಕಟೆ, ಐಫೋನಿಗೆ ಮಾತ್ರ ದುಡ್ಡು. ಮೇಷ್ಟ್ರು ಹೇಳಿದಂತೆ ಬರೆದುಕೊಂಡ ವಾಕ್ಯವನ್ನು ಕಾರ್ಡಿಗೆ ಹಾಕಿ, ಕಲಿಯಬೇಕಾದ ಪದದ ಜಾಗ ಖಾಲಿ ಬಿಡಿ. ಪದವನ್ನು ನೀವೇ ನೆನಪಿಸಿಕೊಳ್ಳಬೇಕು. ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡ್ ಇಳಿಸಿಕೊಳ್ಳಬೇಡಿ. ದಿನಕ್ಕೆ ಐದಾರು ಹೊಸದು ಸಾಕು, ಇಲ್ಲವಾದರೆ ಹಳೆಯದನ್ನು ತಿರುಗಿ ನೋಡುವುದೇ ಗುಡ್ಡೆ ಬೀಳುತ್ತದೆ.

ಹಾವೇರಿ_ಹುಡುಗಿ:
ಎಲ್ಲರಿಗೂ ಧನ್ಯವಾದ. ಸರ್, 570 ಮುಗಿದರೆ ಸಾಕಾ? ವಾಕ್ಯಗಳನ್ನು ಪೇಪರಿನ ಯಾವ ಭಾಗದಿಂದ ತೆಗೆಯಲಿ?

ಪಿಯು_ಇಂಗ್ಲಿಷ್_ಮೇಷ್ಟ್ರು:
ಪೇಪರ್ ಓದುವುದಕ್ಕೆ ಅದರಿಂದ ದೊಡ್ಡ ಬಲ ಬರುತ್ತದೆ, ಆದರೆ ಎಲ್ಲದಕ್ಕೂ ಅಷ್ಟೇ ಸಾಲದು. ಕಾದಂಬರಿ, ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಲು 8000ದಿಂದ 9000 ಪದಕುಟುಂಬ ಬೇಕು ಎಂದು ಪದ ಕಲಿಕೆಯ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಅಷ್ಟನ್ನು ಕಾರ್ಡಿನಿಂದ ಕಲಿಯಲಾಗದು, ವರ್ಷಗಟ್ಟಲೆ ಇಷ್ಟಪಟ್ಟು ಓದಬೇಕು. ಸದ್ಯಕ್ಕೆ ಡಿಸ್ಕಷನ್ ಭಾಗದಿಂದ ತೆಗೆಯಿರಿ. ಕಾರಣ ಕೊಡುವುದು, ಹೋಲಿಸುವುದು, ಅನುಮಾನ ಹೇಳುವುದು ಎಲ್ಲ ಅಲ್ಲೇ ಇರುತ್ತದೆ. ಮೆಥಡ್ಸ್ ಭಾಗ ನಿಮಗೆ ಈಗಲೇ ಬರುತ್ತದೆ. ವಾರಕ್ಕೊಮ್ಮೆ ಅದೇ ಪದಗಳಿಂದ ನಿಮ್ಮ ಪ್ರಯೋಗದ ಪ್ಲಾಟಿನ ಬಗ್ಗೆ ನಾಲ್ಕೈದು ವಾಕ್ಯ ಸ್ವಂತವಾಗಿ ಬರೆದು ಇಲ್ಲಿ ಹಾಕಿ, ತಿದ್ದಿ ಕೊಡುತ್ತೇನೆ.