ಪೆಸಿಫಿಕ್ 1940: ಹೊನೊಲುಲು, ಸಿಡ್ನಿ ಎರಡನ್ನೂ ಕಾಯುವುದು ಹೇಗೆ?

ಬೋರ್ಡ್ ಗೇಮ್ ಆಡುವ ಅನುಭವಿಗಳೇ, ಸಹಾಯ ಬೇಕು. ‘ಆಕ್ಸಿಸ್ ಅಂಡ್ ಅಲೈಸ್ ಪೆಸಿಫಿಕ್ 1940’ ಆಟದಲ್ಲಿ ಮಿತ್ರರಾಷ್ಟ್ರಗಳೆಲ್ಲ ನನ್ನವು, ಜಪಾನ್ ನನ್ನ ಭಾವನದು. ಮನಿಲಾ, ಹಾಂಗ್‌ಕಾಂಗ್, ಕಲ್ಕತ್ತಾ ಮೂರನ್ನೂ ಅವರು ಹಿಡಿದಿದ್ದಾರೆ. ಟೋಕಿಯೋ, ಶಾಂಘೈ ಮೊದಲಿನಿಂದಲೂ ಅವರದೇ. ನಕ್ಷೆಯ ಎಂಟು ಗೆಲುವಿನ ನಗರಗಳಲ್ಲಿ ಆರನ್ನು ಉಳಿಸಿಕೊಂಡರೆ ಜಪಾನಿಗೆ ಗೆಲುವು. ಅಂದರೆ ಇನ್ನೊಂದು ಸಾಕು!

ಅವರ ದೊಡ್ಡ ನೌಕಾಪಡೆ ಕ್ಯಾರೊಲಿನ್ ದ್ವೀಪಗಳಲ್ಲಿ ಕುಳಿತಿದೆ. ಅಲ್ಲಿ ನೌಕಾನೆಲೆ ಇರುವುದರಿಂದ ಹಡಗುಗಳು ಒಂದು ಸರದಿಗೆ ಎರಡರ ಬದಲು ಮೂರು ಸಮುದ್ರ ವಲಯ ಸಾಗುತ್ತವೆ. ಹೊನೊಲುಲು ಇರುವ ಹವಾಯಿಗೂ ಬೆದರಿಕೆ, ಸಿಡ್ನಿ ಇರುವ ಆಸ್ಟ್ರೇಲಿಯಾಕ್ಕೂ ಬೆದರಿಕೆ. ಅಮೆರಿಕದ ಹಡಗುಗಳನ್ನು ಹವಾಯಿಯಲ್ಲಿ ನಿಲ್ಲಿಸಿದರೆ ಸಿಡ್ನಿಯ ಕಡೆ ಹೊರಡುತ್ತಾರೆ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಕಳುಹಿಸಿದರೆ ಹೊನೊಲುಲು ಬಯಲಾಗುತ್ತದೆ. ಪಡೆಯನ್ನು ಒಡೆದು ಎರಡೂ ಕಡೆ ಇಟ್ಟು ನೋಡಿದೆ, ಎರಡೂ ಬಡಕಲಾದವು.

ಈಗ ನಡುವಿನ ವಲಯಗಳಲ್ಲಿ ಒಂಟಿ ಡಿಸ್ಟ್ರಾಯರ್ (ಸಣ್ಣ ಯುದ್ಧನೌಕೆ) ನಿಲ್ಲಿಸಿ ದಾರಿ ತಡೆಯುತ್ತಿದ್ದೇನೆ. ತಡೆ ಕೆಲಸ ಮಾಡುತ್ತದೆ, ಆದರೆ ಪ್ರತಿ ಸುತ್ತಿನಲ್ಲೂ ಎಂಟು ಐಪಿಸಿಯ (ಆಟದ ಹಣ) ಹಡಗು ಮುಳುಗುತ್ತದೆ. ಆರಕ್ಕೇ ಸಿಗುವ ಜಲಾಂತರ್ಗಾಮಿ ದಾರಿ ತಡೆಯುವುದಿಲ್ಲವಲ್ಲ, ಅದೇ ಬೇಸರ. ಇನ್ನೊಂದೆಡೆ, ಹದಿನಾರು ಕೊಟ್ಟು ವಿಮಾನವಾಹಕ ಕೊಂಡು ಅದರ ಮೇಲೆ ಎರಡು ಫೈಟರ್ ವಿಮಾನ ಕೂರಿಸಿದರೆ ರಕ್ಷಣೆ ಗಟ್ಟಿ. ಆದರೆ ಫೈಟರ್‌ಗಳೂ ಸೇರಿ ಮೂವತ್ತಾರು ಐಪಿಸಿ ಒಂದೇ ಜಾಗಕ್ಕೆ ಕಟ್ಟಿಬೀಳುತ್ತದೆ.

ನನ್ನ ಪ್ರಶ್ನೆ ಇಷ್ಟೇ: ಹೊನೊಲುಲುವನ್ನು ವಾಯುನೆಲೆಯ ಫೈಟರ್‌ಗಳು ಮತ್ತು ಕಾಲಾಳುಗಳಿಗೆ ಬಿಟ್ಟು ಇಡೀ ನೌಕಾಪಡೆಯನ್ನು ಕ್ವೀನ್ಸ್‌ಲ್ಯಾಂಡಿನಲ್ಲಿ ಒಟ್ಟುಗೂಡಿಸಬೇಕೇ, ಅಥವಾ ಹವಾಯಿಯಲ್ಲೇ ಉಳಿದು ಡಿಸ್ಟ್ರಾಯರ್ ತಡೆಯನ್ನು ಮುಂದುವರಿಸಬೇಕೇ? ಅಮೆರಿಕದ ಮುಂದಿನ ಸುತ್ತಿನ ಹಣದಲ್ಲಿ ಮೊದಲು ಏನನ್ನು ಕೊಳ್ಳುತ್ತೀರಿ ಎಂಬುದನ್ನೂ ತಿಳಿಸಿ.